ತಿರುಗುವ ಸೆಂಟರೋ, ತಿರುಗದ ಸೆಂಟರೋ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಆ ಎರಡು ತಿಂಗಳು ಕಾರವಾರದ ನನ್ನ ಲೇತಿಗೆ (ಲೋಹವನ್ನು ತಿರುಗಿಸುತ್ತ ಕೆತ್ತುವ ಯಂತ್ರ) ಪುರುಸೊತ್ತೇ ಇಲ್ಲ. ಬೈತಖೋಲ್ ಬಂದರಿನಿಂದ ದೋಣಿಯ ಪಂಕ ತಿರುಗಿಸುವ ಉದ್ದ ಸರಳುಗಳು, ಅಂದರೆ ಪ್ರೊಪೆಲ್ಲರ್ ಶಾಫ್ಟುಗಳು, ಒಂದರ ಹಿಂದೊಂದು ಬರುತ್ತವೆ. ಈ ಸಲ ಒಂದೇ ಅಳತೆಯ ಎರಡು ಸ್ಟೇನ್‌ಲೆಸ್ ಶಾಫ್ಟ್ ಬಂದವು. ಶಾಫ್ಟಿನ ತುದಿಯ ತೂತಿನಲ್ಲಿ ಕೂತು ಅದನ್ನು ಹಿಡಿಯುವ ಚೂಪು ಮೊನೆಯೇ ಸೆಂಟರ್. ಟೇಲ್‌ಸ್ಟಾಕ್ ಕಡೆ, ಅಂದರೆ ಲೇತಿನ ಹಿಂದಿನ ತುದಿಯಲ್ಲಿ, ಒಂದಕ್ಕೆ ತಿರುಗುವ ರಿವಾಲ್ವಿಂಗ್ ಸೆಂಟರ್ ಕೊಟ್ಟೆ, ಇನ್ನೊಂದಕ್ಕೆ ತಿರುಗದ ಡೆಡ್ ಸೆಂಟರ್.

ರಿವಾಲ್ವಿಂಗ್ ಆರಾಮ. ಮೊನೆ ಶಾಫ್ಟಿನ ಜೊತೆಗೇ ತಿರುಗುತ್ತದೆ, ಉಜ್ಜಾಟವಿಲ್ಲ, ಸ್ಪೀಡ್ ಜಾಸ್ತಿ ಇಡಬಹುದು. ಆದರೆ ಒಳಗೆ ಬೇರಿಂಗ್ ಇದೆಯಲ್ವಾ? ನನ್ನದು ಹಳೆಯದು, ಉಪ್ಪುಗಾಳಿ ಕುಡಿದದ್ದು. ಕೆಲಸ ಮುಗಿಸಿ, ಶಾಫ್ಟ್ ದುಂಡಗಿದೆಯೇ ಎಂದು ಅಳೆಯುವ ಡಯಲ್ ಇಟ್ಟರೆ ಮುಳ್ಳು 0.03 ಮಿ.ಮೀ. ಓಡಾಡಿತು. ಕಣ್ಣಿಗೆ ಮಾತ್ರ ಕನ್ನಡಿ!

ಡೆಡ್ ಸೆಂಟರಿನಲ್ಲಿ ಮುಳ್ಳು ಅಲುಗಿದ್ದೇ ಕಡಿಮೆ. ಆದರೆ ಅದನ್ನು ಮಗುವಿನ ಹಾಗೆ ನೋಡಿಕೊಳ್ಳಬೇಕು. ತೂತಿಗೆ ಗ್ರೀಸ್ ತುಂಬಬೇಕು, ಸ್ಪೀಡ್ ಇಳಿಸಬೇಕು. ಒಮ್ಮೆ ಚಹಾ ಕುಡಿಯುತ್ತ ಮೈಮರೆತಿದ್ದೆ. ಕೀಚ್ ಅಂತ ಸದ್ದು ಬಂತು. ನೋಡಿದರೆ ಮೊನೆ ನೀಲಿಗಟ್ಟಿದೆ, ತೂತಿನ ಒಳಗೋಡೆ ಹರಿದುಹೋಗಿದೆ. ಒಂದು ಮೀಟರ್ ಸ್ಟೇನ್‌ಲೆಸ್ 30 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಅರ್ಧ ಮಿ.ಮೀ. ಉದ್ದವಾಗುತ್ತದೆ. ಬಿಗಿಯಾಗಿ ಕೂತ ಸೆಂಟರ್ ಜಾಗ ಬಿಡುವುದಿಲ್ಲ. ಶಾಫ್ಟ್ ಒಂದೋ ಬಾಗಬೇಕು, ಇಲ್ಲ ಮೊನೆಯನ್ನು ಸುಡಬೇಕು. ಈಗ ಪ್ರತಿ ಕಟ್ ಆದಮೇಲೆ ಟೇಲ್‌ಸ್ಟಾಕ್ ಚಕ್ರವನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ತಾಗಿಸುತ್ತೇನೆ.

ಶಾಫ್ಟಿನ ನಡುವಿನ ನಡುಕ ಎರಡರಿಂದಲೂ ಹೋಗಲಿಲ್ಲ. ಅದಕ್ಕೆ ಶಾಫ್ಟನ್ನು ನಡುವೆ ದವಡೆಗಳಿಂದ ಹಿಡಿಯುವ ಸ್ಟೆಡಿಯೇ ಬೇಕು. ರೋಲರ್ ದವಡೆ ಸುಲಭ, ಆದರೆ ಅಡಿಗೆ ಲೋಹದ ಚೂರು ಸಿಕ್ಕರೆ ಶಾಫ್ಟಿನ ಮೇಲೆ ಒತ್ತಿ ಗೆರೆ ಎಳೆಯುತ್ತದೆ. ಎಣ್ಣೆ ಬಿಡುವ ತಾಳ್ಮೆ ಇದ್ದರೆ ಕಂಚಿನದೇ ಒಳ್ಳೆಯದು.

ಬೇರಿಂಗ್ ಕೂರುವ ಜಾಗದ ಗ್ರೈಂಡಿಂಗಿಗೆ ಶಾಫ್ಟನ್ನು ಹುಬ್ಬಳ್ಳಿಗೆ ಕಳಿಸುತ್ತೇನೆ. ಅಲ್ಲಿ ಎರಡೂ ಕಡೆ ಡೆಡ್ ಸೆಂಟರೇ. ಲೇತಿನಲ್ಲಿ ಹೆಡ್ ಕಡೆಯ, ಅಂದರೆ ಮುಂದಿನ ತುದಿಯ, ಸೆಂಟರ್ ಯಂತ್ರದ ತಿರುಗುವ ಅಚ್ಚಾದ ಸ್ಪಿಂಡಲ್ ಜೊತೆ ತಿರುಗಿ ಅದರ ತಪ್ಪನ್ನೂ ತರುತ್ತದೆ. ಗ್ರೈಂಡರಿನಲ್ಲಿ ಸೆಂಟರ್ ಎರಡೂ ನಿಂತೇ ಇರುತ್ತವೆ, ಶಾಫ್ಟ್ ಮಾತ್ರ ತಿರುಗುತ್ತದೆ. ಆದರೆ ನಾನು ಕೊರೆದ 60 ಡಿಗ್ರಿ ತೂತೇ ಸೊಟ್ಟಗಿದ್ದರೆ ಎಂಥಾ ಗ್ರೈಂಡರೂ ದುಂಡಗೆ ಮಾಡಲಾರದು. ಒಮ್ಮೆ ಅದಕ್ಕೇ ವಾಪಸ್ ಬಂದಿತ್ತು, ಬಸ್ ಬಾಡಿಗೆ ಸುಮ್ನೆ ದಂಡ.

ಈಗ ದಪ್ಪ ಕಟ್ ಎಲ್ಲ ರಿವಾಲ್ವಿಂಗ್‌ನಲ್ಲಿ, ಕೊನೆಯ ಎರಡು ಕಟ್ ಡೆಡ್‌ನಲ್ಲಿ. ರಿವಾಲ್ವಿಂಗ್‌ಗೆ ಹೊಸ ಬೇರಿಂಗ್ ಹಾಕಬೇಕು. ದೋಣಿಗಳೆಲ್ಲ ಇಳಿಯಲಿ, ಆಗಸ್ಟಿನಲ್ಲಿ ನೋಡೋಣ.