ಹೆಬ್ಬಾಳ ಅವರೆ ಅಂತ ಬಿಡಿ ಬೀಜ ಕೊಟ್ಟರೆ ತಗೊಳ್ಳಬೇಡಿ

ಕೋಲಾರ, ಚಿಂತಾಮಣಿ ಕಡೆ ಬೇಸಿಗೆಗೆ ಅವರೆ ಹಾಕುವವರು ದಯವಿಟ್ಟು ಓದಿ. ಬಿಡಿ ಬೀಜ ತಗೊಳ್ಳಬೇಡಿ. ಎಷ್ಟೇ ಪರಿಚಯದ ಅಂಗಡಿಯಾಗಿರಲಿ, ಬೇಡ.

ಫೆಬ್ರವರಿಯಲ್ಲಿ ಹಾಕಲು ಪರಿಚಯದ ಅಂಗಡಿಯವನ ಹತ್ತಿರ ಹೆಬ್ಬಾಳ ಅವರೆ-4 ಕೇಳಿದೆ. ಪ್ಯಾಕೆಟ್ ಖಾಲಿ, ಚೀಲದಲ್ಲಿರುವುದೂ ಅದೇ, ರೇಟೂ ಕಮ್ಮಿ ಅಂದ. ಬಿಲ್ ಕೇಳಿದರೆ "ನಾನೆಲ್ಲಿ ಓಡಿಹೋಗ್ತೀನಿ ಸ್ವಾಮಿ" ಅಂತ ನಕ್ಕ. ಟೀ ಬೇರೆ ಕುಡಿಸಿದ.

ಹೆಬ್ಬಾಳ ಅವರೆ 3, 4 ಎರಡೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು. ಹಗಲು ಉದ್ದವಿದ್ದರೂ ಹೂ ಬಿಡುತ್ತವೆ, ಅದಕ್ಕೇ ಬೇಸಿಗೆಗೂ ಆಗುತ್ತವೆ. ನಾಟಿ ಅವರೆ ಹಾಗಲ್ಲ. ಹಗಲು ಗಿಡ್ಡವಾಗಿ ಚಳಿ ಬೀಳುವವರೆಗೆ ಹೂವಿನ ಮಾತೇ ಇಲ್ಲ.

ನನ್ನ ಹೊಲ ನೋಡಬೇಕಿತ್ತು. ಹಸಿರೋ ಹಸಿರು. ಬಳ್ಳಿ ಒಂದಕ್ಕೊಂದು ಹೆಣೆದುಕೊಂಡು ಕಾಲಿಡಲು ಜಾಗವಿಲ್ಲ. ಹೂ ಮಾತ್ರ ಒಂದೂ ಇಲ್ಲ! ಬದುವಿನ ಪಕ್ಕ ಹಳೇ ಪ್ಯಾಕೆಟ್ಟಲ್ಲಿ ಉಳಿದಿದ್ದ ಹೆಬ್ಬಾಳ ಬೀಜವನ್ನು ಒಂದು ಸಾಲು ಹಾಕಿದ್ದೆ. ಆ ಸಾಲಿನ ಕುಳ್ಳ ಗಿಡಗಳಲ್ಲಿ ಎಲೆಗಿಂತ ಮೇಲಕ್ಕೆ ಹೂಗೊಂಚಲು ನೆಟ್ಟಗೆ ನಿಂತಿತ್ತು, ಬುಡದ ಕಡೆ ಕಾಯಿ ಕಚ್ಚಿತ್ತು. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಆಗಲೇ ಹೊಟ್ಟೆ ಉರಿದುಹೋಯಿತು. ದಾರಿಯಲ್ಲಿ ಹೋಗುವವರು "ಕಾಯಿ ಯಾವಾಗ?" ಅಂದರೆ ಏನು ಹೇಳಲಿ?

ಅಂಗಡಿಯವನಿಗೆ ಫೋಟೋ ತೋರಿಸಿದೆ. ಮೊದಲು "ಯೂರಿಯಾ ಜಾಸ್ತಿ ಹಾಕಿದ್ದೀರ" ಅಂದ. ಬದುವಿನ ಸಾಲಿಗೂ ಅದೇ ಹಾಕಿದ್ದಲ್ವಾ? ಆಮೇಲೆ "ಬಿಸಿಲು ಜಾಸ್ತಿ, ಸ್ವಲ್ಪ ಕಾಯಿರಿ." ಕಾದೆ. ಆಮೇಲೆ "ಹೆಬ್ಬಾಳದ್ದು ಅಂತ ಎಲ್ಲಿ ಹೇಳಿದೆ? ಹೆಬ್ಬಾಳದ ಥರದ್ದು ಅಂದೆ." ಥರದ್ದು! ಕೊನೆಗೆ ನಾಲ್ಕು ಜನರ ಎದುರು "ಹೋಗ್ಲಿ ಬಿಡಿ, ದನಕ್ಕೆ ಮೇವಾಯ್ತಲ್ಲ" ಅಂದ. ಎಲ್ಲರೂ ನಕ್ಕರು.

ನಾಟಿ ಅವರೆಯನ್ನು ನಾನು ಬೈಯುತ್ತಿಲ್ಲ. ಮುಂಗಾರಿನಲ್ಲಿ ರಾಗಿಯ ಜೊತೆ ನಡುನಡುವಿನ ಅಕ್ಕಡಿ ಸಾಲಿಗೆ ಹಾಕಿ, ಚಳಿಗಾಲಕ್ಕೆ ಕೀಳಿ, ಆ ಸೊಗಡಿಗೆ ಸಾಟಿಯಿಲ್ಲ. ಆದರೆ ಬೇಸಿಗೆಗೆ ಅದನ್ನೇ ಹೆಬ್ಬಾಳ ಅಂತ ಮಾರುವುದು ಮೋಸ.

ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಲಾಟ್ ನಂಬರ್, ಮೊಳಕೆ ಪ್ರಮಾಣ, ಅವಧಿ ಎಲ್ಲ ನೋಡಿ. ಬಿಲ್ಲನ್ನೂ ಚೀಟಿಯನ್ನೂ ಕೊಯ್ಲಿನವರೆಗೆ ಎಸೆಯಬೇಡಿ, ದೂರು ಕೊಡಲು ಹೋದರೆ ಮೊದಲು ಕೇಳುವುದೇ ಅವನ್ನು. ಬಿತ್ತಿದ ಒಂದೂವರೆ, ಎರಡು ತಿಂಗಳಾದರೂ ಮೊಗ್ಗಿಲ್ಲ, ಬಳ್ಳಿ ಮಾತ್ರ ಓಡುತ್ತಿದೆ ಅಂದರೆ ಸುಮ್ನೆ ನೀರು ಕಟ್ಟಬೇಡಿ. ಉತ್ತು ಬೇರೆ ಬೆಳೆ ಹಾಕಿ.