ಬಿಸಿಯೇರುವ ಭೂಮಿಯ ಸಂಗೀತ: ಯಾವುದನ್ನು ಮೊದಲು ಕೇಳುವುದು?

ಅಂಕಿಅಂಶವೇ ಸ್ವರವಾಗುವುದನ್ನು ಕೇಳಬೇಕೆ? ಅಮೆರಿಕದ ಡೇನಿಯಲ್ ಕ್ರಾಫರ್ಡ್ ಅವರ 2015ರ ತಂತಿವಾದ್ಯ ಚತುಷ್ಟಯ, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಇದೆ. ಅದು ನುಡಿಸುವುದು 1880ರಿಂದ 2014ರವರೆಗಿನ ಉತ್ತರಾರ್ಧಗೋಳದ ತಾಪಮಾನವನ್ನು. ಚಳಿಯ ವರ್ಷಕ್ಕೆ ಮಂದ್ರ, ಸೆಕೆಯ ವರ್ಷಕ್ಕೆ ತಾರ. ಚೆಲ್ಲೊ ಭೂಮಧ್ಯರೇಖೆಯ ಆಸುಪಾಸಿನದು, ವಯೋಲಾ ನಡು ಅಕ್ಷಾಂಶಗಳದು. ಎರಡು ಪಿಟೀಲುಗಳಲ್ಲಿ ಒಂದು ಆರ್ಕ್ಟಿಕ್‌ನ ಪಾಲು. ಕೊನೆಕೊನೆಗೆ ಸ್ವರಗಳು ಏರುತ್ತಲೇ ಹೋಗುತ್ತವೆ, ಕಿವಿಗೆ ನೆಮ್ಮದಿಯಿಲ್ಲ. ಇರಬಾರದು ಕೂಡ.

ಇಟಲಿಯ ಪಿಯಾನೊ ವಾದಕ, ಸಂಗೀತ ಸಂಯೋಜಕ ಲುಡೊವಿಕೊ ಐನೌಡಿ ಅವರ ದಾರಿ ಬೇರೆ. 2016ರಲ್ಲಿ ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಹಿಮನದಿಯೆದುರು, ತೇಲುವ ವೇದಿಕೆಯ ಮೇಲೆ ಗ್ರ್ಯಾಂಡ್ ಪಿಯಾನೊ ಇಟ್ಟು ನುಡಿಸಿದ ಶೋಕಗೀತೆ ಅದು. ಮಧುರ, ಚಿಕ್ಕದು, ವಿಡಿಯೊ ನೋಡದೆ ಬರೀ ಕೇಳಿದರೆ ಅರ್ಧ ಸತ್ವ ಹೋದಂತೆ.

ನನ್ನ ಮತ ಚತುಷ್ಟಯಕ್ಕೆ. ಮಲಗುವ ಹೊತ್ತಿಗಾದರೆ ಮಾತ್ರ ಐನೌಡಿ.