ವಾಲ್‌ನಟ್ ತೆಗೆದು ಕಾರ್ಬನ್ ಫೈಬರ್ ಸ್ಟಾಕ್ ಹಾಕಿದ ಮೇಲೆ: ರೆಮಿಂಗ್ಟನ್ 700 ರೈಫಲ್, ಕೆಲವು ಸೀಸನ್‌ಗಳ ನಂತರ

ಮೊದಲೇ ಹೇಳಿಬಿಡುತ್ತೇನೆ. ಗುರಿ ಸುಧಾರಿಸಬೇಕು ಅನ್ನುವ ಒಂದೇ ಆಸೆಗೆ ಆರೇಳು ನೂರು ಡಾಲರ್ ಕೊಟ್ಟು ಕಾರ್ಬನ್ ಸ್ಟಾಕ್ (ಬ್ಯಾರಲ್ ಹೊತ್ತು, ಹೆಗಲಿಗೆ ಆನಿಸುವ ಕೋವಿಯ ಹಿಡಿ) ತಗೋಬೇಡಿ. ಭಾರ ಇಳಿಯಬೇಕು, ಹವೆ ಬದಲಾದಾಗ ಝೀರೋ (ಸ್ಕೋಪ್ ತೋರಿಸಿದಲ್ಲೇ ಗುಂಡು ಬೀಳುವ ಹೊಂದಾಣಿಕೆ) ಜರುಗಬಾರದು ಅಂತಿದ್ದರೆ ತಗೊಳ್ಳಿ, ದುಡ್ಡು ದಂಡ ಅನ್ನಿಸುವುದಿಲ್ಲ.

ನನ್ನದು ರೆಮಿಂಗ್ಟನ್ 700 ಬಿಡಿಎಲ್, ಕ್ಯಾಲಿಬರ್ .30-06, 22 ಇಂಚಿನ ಬ್ಯಾರಲ್. ಸೆಕೆಂಡ್ ಹ್ಯಾಂಡ್. 1962ರಲ್ಲಿ ಬಂದ ಮಾಡೆಲ್ ಇದು, ಅಮೆರಿಕದಲ್ಲಿ ಬೇಟೆಗೆ ಹೋಗುವವರ ನಡುವೆ ಎಷ್ಟು ಮಾಮೂಲಿ ಅಂದರೆ ಬಿಡಿಭಾಗಕ್ಕೆ ಬರವೇ ಇಲ್ಲ. ಹೊಳೆಯುವ ಪಾಲಿಶ್‌ನ ವಾಲ್‌ನಟ್ ಮರ, ಮುಂದಿನ ತುದಿಯಲ್ಲಿ ಕಪ್ಪು ತುಂಡು, ನೋಡೋಕೆ ಬಹಳ ಚಂದ. ನಾನು ಕೊಡಗಿನ ಕಡೆಯವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿಕೊಂಡು ಬೆಳೆದವನು (ಪೂಜೆ ಅಷ್ಟೇ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಎಲ್ಲಿ ಬಂತು). ಮರ ಇಲ್ಲದ ಕೋವಿ ನನ್ನ ಕಣ್ಣಿಗೆ ಕೋವಿಯೇ ಅಲ್ಲ. ಹಾಗಾಗಿ ಸ್ಟಾಕ್ ಬದಲಿಸುವ ಯೋಚನೆ ತಡವಾಗಿಯೇ ಬಂತು.

ಬರೋಕೆ ಕಾರಣ ಇದೆ. ನಾವು ಮೊದಲು ನಾರ್ತ್ ಕೆರೊಲೈನಾದಲ್ಲಿದ್ದೆವು. ಅಲ್ಲಿ ಗಾಳಿಯಲ್ಲಿ ಸದಾ ನೀರಿನ ಪಸೆ. ಆಮೇಲೆ ಕೊಲರಾಡೋಗೆ ಬಂದೆವು. ಇಲ್ಲಿ ತುಟಿ ಒಡೆಯುವಷ್ಟು ಒಣ ಹವೆ. ಮರ ಸುಮ್ನೆ ಇರುತ್ತದಾ? ಒಣಗಿ ಕುಗ್ಗಿತು, ರಿಸೀವರ್ (ಬೋಲ್ಟ್, ಟ್ರಿಗರ್ ಕೂರುವ ಲೋಹದ ಭಾಗ) ಹಿಡಿದಿದ್ದ ಸ್ಕ್ರೂಗಳು ಸಡಿಲವಾದವು, ಅಲ್ಲಿ ಕೂರಿಸಿದ್ದ ಝೀರೋ ಇಲ್ಲಿಗೆ ಬರುವಷ್ಟರಲ್ಲಿ ಬಲಕ್ಕೆ ಹೋಗಿತ್ತು. ಸರಿ ಮಾಡಿದೆ. ಹಿಮ ಬಿದ್ದ ವಾರ ಮತ್ತೆ ಜರುಗಿತು. ಇದು ನನ್ನೊಬ್ಬನ ಗೋಳಲ್ಲ. ಇದೇ 700ರ ಮೇಲೆ ಕಟ್ಟಿದ ಎಂ40 ರೈಫಲ್ಲನ್ನು ಅಮೆರಿಕದ ಮರೀನ್ ಪಡೆ 1966ರಲ್ಲಿ ವಿಯೆಟ್ನಾಂಗೆ ಒಯ್ದಾಗ ಅಲ್ಲಿನ ಮಳೆಗೆ, ಶೆಖೆಗೆ ಮರದ ಸ್ಟಾಕ್‌ಗಳು ಸೊಟ್ಟಗಾದವು. ಅದಕ್ಕೇ ಮುಂದಿನ ಎಂ40ಎ1ಗೆ ಮೆಕ್‌ಮಿಲನ್‌ನ ಫೈಬರ್‌ಗ್ಲಾಸ್ ಸ್ಟಾಕ್ ಹಾಕಿದರು. ಬೇಟೆಗಾರರ ಕೈಗೆ ಫೈಬರ್‌ಗ್ಲಾಸ್, ಆಮೇಲೆ ಕಾರ್ಬನ್ ಬಂದದ್ದು ಇದೇ ತಲೆನೋವಿಗೆ.

ಈಗ ಗುರಿಯ ವಿಚಾರ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಮಾರುವವರು ಇದನ್ನೇ ಉಬ್ಬಿಸಿ ಹೇಳುತ್ತಾರೆ. ಸ್ಟಾಕ್ ಗುಂಡನ್ನು ನೇರ ಮಾಡುವುದಿಲ್ಲ. ಅದರ ಕೆಲಸ ಎರಡೇ. ರಿಸೀವರ್ ಪ್ರತಿ ಗುಂಡಿಗೂ ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಕೂತಿರುವಂತೆ ನೋಡಿಕೊಳ್ಳುವುದು, ಮತ್ತೆ ಬ್ಯಾರಲ್‌ಗೆ ತಾಗದೆ ದೂರ ಇರುವುದು. ಮೂರು ಕಾಲು ಊರಿ ಒಂದು ಕಾಲು ಎದ್ದಿರುವ ಮಂಚದ ಮೇಲೆ ಮಲಗಿದರೆ ಹೊರಳಿದಾಗಲೆಲ್ಲ ಅಲ್ಲಾಡುತ್ತದಲ್ವಾ, ರಿಸೀವರ್ ಸರಿಯಾಗಿ ಕೂರದಿದ್ದರೂ ಅದೇ ಕಥೆ. ಇದಕ್ಕೆ ಮದ್ದು ಬೆಡ್ಡಿಂಗ್. ರಿಸೀವರ್ ಮತ್ತು ರಿಕಾಯಿಲ್ ಲಗ್ (ಒದೆತವನ್ನು ಸ್ಟಾಕಿಗೆ ದಾಟಿಸುವ ಲೋಹದ ತುಂಡು) ಕೂರುವ ಜಾಗಕ್ಕೆ ಎಪಾಕ್ಸಿ ತುಂಬಿ, ಅದು ರಿಸೀವರಿನ ಅಚ್ಚಿನಲ್ಲೇ ಗಟ್ಟಿಯಾಗಲು ಬಿಡುವುದು.

ಹೊಸ ಸ್ಟಾಕ್ ಬರೋಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ಸಮಯದಲ್ಲಿ ಹಳೇ ವಾಲ್‌ನಟ್ಟಿಗೇ ಬೆಡ್ಡಿಂಗ್ ಮಾಡಿದೆ. ಐವತ್ತು ಡಾಲರ್ ಒಳಗೆ ಮುಗಿಯಿತು. ಲಗ್‌ನ ಮುಂದೆ, ಪಕ್ಕದಲ್ಲಿ, ಅಡಿಯಲ್ಲಿ ಟೇಪ್ ಸುತ್ತಿ, ಉಳಿದ ಕಡೆ ಚೆನ್ನಾಗಿ ಮೇಣ ಹಚ್ಚಿ (ಇಲ್ಲದಿದ್ದರೆ ಕೋವಿ ಮತ್ತು ಮರ ಜನ್ಮಕ್ಕೂ ಬಿಡುವುದಿಲ್ಲ), ಎಪಾಕ್ಸಿ ಹಾಕಿ ಒಂದು ದಿನ ಮುಟ್ಟದೆ ಬಿಟ್ಟೆ. ಈ ಮರದ ಸ್ಟಾಕಿನ ಮುಂದಿನ ತುದಿಯಲ್ಲಿ ಬ್ಯಾರಲನ್ನು ಮೇಲಕ್ಕೆ ಒತ್ತುವ ಉಬ್ಬು ಫ್ಯಾಕ್ಟರಿಯಿಂದಲೇ ಬಂದಿರುತ್ತದೆ, ಅದನ್ನೂ ಉಜ್ಜಿ ತೆಗೆದೆ. ಬ್ಯಾರಲ್ ಮತ್ತು ಮರದ ನಡುವೆ ಡಾಲರ್ ನೋಟು ತಡೆಯಿಲ್ಲದೆ ರಿಸೀವರ್ ತನಕ ಜಾರಿದರೆ ಸಾಕು. ಮೊದಲು 100 ಗಜಕ್ಕೆ ಮೂರು ಗುಂಡಿನ ಗ್ರೂಪ್ (ಗುಂಡುಗಳು ಚದುರಿದ ಅಗಲ) ಹೆಚ್ಚುಕಮ್ಮಿ ಎರಡು ಇಂಚು ಬರುತ್ತಿತ್ತು. ಬೆಡ್ಡಿಂಗ್ ಆದ ಮೇಲೆ ಒಂದೂಕಾಲು ಇಂಚಿಗೆ ಇಳಿಯಿತು.

ಕಾರ್ಬನ್ ಸ್ಟಾಕ್ ಬಂದ ಮೇಲೆ ಅದಕ್ಕೂ ತೆಳುವಾಗಿ ಬೆಡ್ಡಿಂಗ್ ಮಾಡಿದೆ. ಗ್ರೂಪ್ ಎಷ್ಟು ಬಂತು ಗೊತ್ತಾ? ಅದೇ ಒಂದು, ಒಂದೂಕಾಲು. ಒಳ್ಳೆ ದಿನ ಒಂದಕ್ಕಿಂತ ಕಮ್ಮಿ. ಅಂದರೆ ಗುರಿ ಸುಧಾರಿಸಿದ್ದು ಐವತ್ತು ಡಾಲರಿನ ಎಪಾಕ್ಸಿಯಿಂದ, ಉಳಿದ ಆರೇಳು ನೂರರಿಂದ ಅಲ್ಲ. ಇನ್ನೊಂದು ಮಾತು: ನಾನು ಎಲ್ಕ್‌ಗೆ 250 ಗಜ ದಾಟಿ ಗುಂಡು ಹಾರಿಸುವುದಿಲ್ಲ. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಯೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಅದರ ಎದೆಯ ಭಾಗದಲ್ಲಿ ಗುಂಡು ಬೀಳಬೇಕಾದ ಜಾಗ ಒಂದು ಅಡಿಗಿಂತ ಅಗಲ. ಒಂದು ಮಿನಿಟ್ ಆಫ್ ಆಂಗಲ್ (ಗ್ರೂಪ್ ಅಳೆಯುವ ಕೋನ, 100 ಗಜಕ್ಕೆ ಹೆಚ್ಚುಕಮ್ಮಿ ಒಂದು ಇಂಚು) ಅಂದರೆ 250 ಗಜಕ್ಕೆ ಸುಮಾರು 2.6 ಇಂಚು. ಅರ್ಧ ಇಂಚಿನ ಗ್ರೂಪಿಗೆ ಪರದಾಡುವುದು ಕಾಗದದ ಗುರಿಹಲಗೆಗೆ ಸರಿ, ಬೆಟ್ಟದಲ್ಲಿ ಏದುಸಿರು ಬಿಡುತ್ತಾ ಟ್ರಿಗರ್ ಒತ್ತುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಾಗಾದರೆ ಸಿಕ್ಕಿದ್ದೇನು? ಝೀರೋ ಜರುಗುತ್ತಿಲ್ಲ. ಒಣ ಬೇಸಿಗೆಯಲ್ಲಿ ರೇಂಜ್‌ನಲ್ಲಿ ಕೂರಿಸಿದ್ದು ಹಿಮದಲ್ಲೂ ಅಲ್ಲೇ ಇರುತ್ತದೆ. ಪ್ರತಿ ಸೀಸನ್ ಮುಂಚೆ ಪರೀಕ್ಷೆ ಮಾಡುತ್ತೇನೆ, ಸ್ಕೋಪ್‌ನಲ್ಲಿ ಒಂದೆರಡು ಕ್ಲಿಕ್‌ಗಿಂತ ಜಾಸ್ತಿ ತಿರುಗಿಸಬೇಕಾಗಿ ಬಂದಿಲ್ಲ. ನನಗೆ ಗ್ರೂಪಿಗಿಂತ ಈ ನೆಮ್ಮದಿ ದೊಡ್ಡದು.

ಭಾರ: ಅಡುಗೆಮನೆಯ ತಕ್ಕಡಿಯಲ್ಲಿ ವಾಲ್‌ನಟ್ ಸ್ಟಾಕ್ 1,150 ಗ್ರಾಂ ತೂಗಿತು, ಕಾರ್ಬನ್ 740. ನಾನೂರು ಗ್ರಾಂ ಏನು ಮಹಾ ಅಂತ ಮನೆಯಾಕೆ ನಕ್ಕಳು. ಹತ್ತು ಸಾವಿರ ಅಡಿ ಎತ್ತರದಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಗಲಿಗೆ ಅದು ಗೊತ್ತಾಗುತ್ತದೆ. ಸ್ಕೋಪ್ ಸೇರಿ 3.85 ಕಿಲೋ ಇದ್ದದ್ದು ಈಗ 3.44. ಒಂದು ಎಚ್ಚರಿಕೆ: ನಿಮ್ಮ 700ಗೆ ಫ್ಯಾಕ್ಟರಿಯ ಪ್ಲಾಸ್ಟಿಕ್ ಸ್ಟಾಕ್ ಇದ್ದರೆ ಅದು ಆಗಲೇ ಹಗುರ. ಅದನ್ನು ತೆಗೆದು ಅಲ್ಯೂಮಿನಿಯಂ ಬೆಡ್ಡಿಂಗ್ ಬ್ಲಾಕ್ ಇರುವ ಸ್ಟಾಕ್ ಹಾಕಿದರೆ ಗಟ್ಟಿತನ ಬರುತ್ತದೆ, ಆದರೆ ಭಾರ ಏರುವ ಸಾಧ್ಯತೆಯೇ ಜಾಸ್ತಿ.

ಹಗುರಕ್ಕೆ ತೆರಿಗೆ ಹೆಗಲು ಕಟ್ಟಬೇಕು. ಗುಂಡು ಅದೇ, ಕೋವಿ ಮಾತ್ರ ಹಗುರ. ನನ್ನ ಲೆಕ್ಕದಲ್ಲಿ ಒದೆತದ ಶಕ್ತಿ ಸುಮಾರು ಶೇಕಡ 12 ಏರಿದೆ. ಹೊಸ ಸ್ಟಾಕಿನ ಕೆನ್ನೆ ಊರುವ ಭಾಗ ನೇರ ಇರುವುದರಿಂದ ಒದೆತ ನೇರ ಹಿಂದಕ್ಕೆ ಬರುತ್ತದೆ, ಮೂತಿ ಮೇಲಕ್ಕೆ ಅಷ್ಟಾಗಿ ಎಗರುವುದಿಲ್ಲ. ಹಾಗಿದ್ದರೂ ಬೆಂಚಿನ ಮೇಲೆ ಒಂದು ಡಬ್ಬಿ ಗುಂಡು ಮುಗಿಸುವ ಹೊತ್ತಿಗೆ ಸಾಕಪ್ಪಾ ಅನ್ನಿಸುತ್ತದೆ. ಹಿಂಭಾಗ ಹಗುರವಾಗಿ ಬ್ಯಾರಲ್ ಹಾಗೇ ಇರುವುದರಿಂದ ತೂಕ ಮುಂದಕ್ಕೆ ವಾಲಿದೆ. ನನಗೆ ಅದು ಹಿಡಿಸಿತು. ಆದರೆ ಆಸರೆ ಇಲ್ಲದೆ ನಿಂತು ಗುರಿ ಇಟ್ಟರೆ ಭಾರದ ಕೋವಿಯಷ್ಟು ಸ್ಥಿರವಾಗಿ ನಿಲ್ಲುವುದಿಲ್ಲ.

ಇನ್ನು ಬೈಗುಳ. ಕಂಪನಿಯ ಹೆಸರು ಹಾಕುತ್ತಿಲ್ಲ, ಕೇಳಬೇಡಿ. ಹೇಳಿದ ತಿಂಗಳಿಗೆ ಕಳಿಸಲಿಲ್ಲ, ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಅಂದರು. ಬೆಲ್ಟ್ ಸಿಕ್ಕಿಸುವ ಮುಂದಿನ ಸ್ಟಡ್ ಎರಡನೇ ಸೀಸನ್‌ನಲ್ಲೇ ಸಡಿಲವಾಯಿತು, ನಾನೇ ಎಪಾಕ್ಸಿ ಹಾಕಿ ಕೂರಿಸಿದೆ. ಅದರ ಸುತ್ತ ಬಣ್ಣ ಎದ್ದಿದೆ. ಎಲ್ಲಕ್ಕಿಂತ ಕಿರಿಕಿರಿ ಸದ್ದು. ಒಳಗೆ ಟೊಳ್ಳು, ಹಾಗಾಗಿ ಕುರುಚಲು ಓಕ್ ಗಿಡದ ಕೊಂಬೆ ತಾಗಿದರೆ ಡಬ್ ಅನ್ನುತ್ತದೆ. ಎಲ್ಕ್ ಕಿವಿಗೆ ಅದು ಬೀಳದೇ ಇರುತ್ತದಾ? ಮರ ಹೀಗೆ ಸದ್ದು ಮಾಡುತ್ತಿರಲಿಲ್ಲ. ಚಳಿಯಲ್ಲಿ ಮಾತ್ರ ಇದು ಒಳ್ಳೆಯದು, ಸ್ಟಾಕ್ ಬದಲು ಹಾಕುವ ಅಲ್ಯೂಮಿನಿಯಂ ಚಾಸಿಯ ಹಾಗೆ ಬೆರಳು ಕೊರೆಯುವುದಿಲ್ಲ.

ಆರ್ಡರ್ ಮಾಡುವವರು ಇಷ್ಟು ನೋಡಿಕೊಳ್ಳಿ. ಲಾಂಗ್ ಆಕ್ಷನ್ನೋ ಶಾರ್ಟ್ ಆಕ್ಷನ್ನೋ (ಗುಂಡಿನ ಉದ್ದಕ್ಕೆ ತಕ್ಕ ರಿಸೀವರ್), ಬಿಡಿಎಲ್ಲೋ (ಮ್ಯಾಗಜಿನ್ ಅಡಿಯಿಂದ ತೆರೆಯುವಂಥದ್ದು) ಎಡಿಎಲ್ಲೋ (ತೆರೆಯದ್ದು), ಬ್ಯಾರಲ್ ದಪ್ಪ ಎಷ್ಟು, ಎಡಗೈಯವರಾ ಅಂತ ಸರಿಯಾಗಿ ಬರೆಯಿರಿ. ಇಲ್ಲಿನ ಫೆಡರಲ್ ಕಾನೂನಿನಲ್ಲಿ ಬಂದೂಕು ಅಂದರೆ ರಿಸೀವರ್, ಸ್ಟಾಕ್ ಬರೀ ಬಿಡಿಭಾಗ, ಹಾಗಾಗಿ ಪಾರ್ಸೆಲ್ ನೇರ ಮನೆಗೇ ಬರುತ್ತದೆ. ಬಟ್‌ನ ಉದ್ದ (ಟ್ರಿಗರ್‌ನಿಂದ ಹಿಂದಿನ ತುದಿಯ ತನಕ) 13.5 ಇಂಚು ಮಾಮೂಲಿ, ದಪ್ಪ ಜಾಕೆಟ್ ಹಾಕಿದರೆ ನನ್ನಂಥ ಕುಳ್ಳರಿಗೆ ಅದು ಉದ್ದವಾಗುತ್ತದೆ, 13ಕ್ಕೆ ಕೇಳಿ. ಜೋಡಿಸುವಾಗ ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಸ್ಕ್ರೂ ಬಿಗಿಸಿದ ಮೇಲೂ ಮ್ಯಾಗಜಿನ್ ಡಬ್ಬಿ ಸ್ವಲ್ಪ ಅಲ್ಲಾಡಬೇಕು, ಅದು ಸಿಕ್ಕಿಕೊಂಡರೆ ಬೆಡ್ಡಿಂಗ್ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮುಂದಿನ ಸ್ಕ್ರೂ ಉದ್ದವಾದರೆ ಬೋಲ್ಟ್ ಸಿಕ್ಕಿಕೊಳ್ಳುತ್ತದೆ, ತುದಿ ಅರೆದು ಗಿಡ್ಡ ಮಾಡಿ. ಟ್ರಿಗರ್ ಮತ್ತು ಸೇಫ್ಟಿ ಎಲ್ಲೂ ಸ್ಟಾಕಿಗೆ ಉಜ್ಜಬಾರದು. ನನ್ನದರಲ್ಲಿ ಅಲ್ಯೂಮಿನಿಯಂ ಪಿಲ್ಲರ್ (ಸ್ಕ್ರೂ ಹಾಯುವ ಗಟ್ಟಿ ಕೊಳವೆ) ಇದೆ, 65 ಇಂಚ್-ಪೌಂಡ್‌ಗೆ ಬಿಗಿಸುತ್ತೇನೆ. ಪಿಲ್ಲರ್ ಇಲ್ಲದ ಬರೀ ಮರಕ್ಕೆ ಅಷ್ಟು ಬಿಗಿಸಿದರೆ ಮರ ನಜ್ಜಾಗುತ್ತದೆ.